ಹಳೆ ಫೈಬರ್ ದೋಣಿ ಕೊಳ್ಳುವ ಮುನ್ನ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೂ ಅದು ಅನ್ವಯಿಸುತ್ತದೆ. ಹೀಗಾಗಿ ಮೇ ತಿಂಗಳ ಕೊನೆಯ ವಾರಗಳಲ್ಲಿ ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರದ ಬೈತಖೋಲ, ಹೀಗೆ ಯಾವ ಬಂದರಿಗೆ ಹೋದರೂ ದೋಣಿ ಮೇಲೆಳೆಯುವ ಗಡಿಬಿಡಿಯ ಜೊತೆಗೆ ಕೊಡು-ಕೊಳ್ಳುವ ಮಾತೂ ಕಿವಿಗೆ ಬೀಳುತ್ತದೆ. ವರ್ಷಗಟ್ಟಲೆ ಬೇರೆಯವರ ದೋಣಿಯಲ್ಲಿ ಬಲೆ ಎಳೆದ ಹುಡುಗರು ಸ್ವಂತಕ್ಕೊಂದು ದೋಣಿ ಮಾಡಿಕೊಳ್ಳಬೇಕೆಂದು ಹೊರಡುವುದೂ ಆಗಲೇ. ಹೊಸದಕ್ಕೆ ಹಣ ಸಾಲದು, ಹಳೆಯದೇ ಗತಿ. ಕೈಯಲ್ಲಿರುವ ಉಳಿತಾಯ, ಹೆಂಡತಿಯ ಒಡವೆ, ಸಂಘದ ಸಾಲ ಎಲ್ಲವೂ ಆ ಒಂದು ವ್ಯವಹಾರದಲ್ಲಿ ಮುಗಿಯುತ್ತವೆ. ಆದ್ದರಿಂದ ಮೊದಲ ದೋಣಿಯ ಆಯ್ಕೆಯಲ್ಲಿ ಎಡವಬಾರದು.

ಈ ಲೇಖನ ಅಂಥವರಿಗಾಗಿ. ಇಲ್ಲಿ ಹೇಳುತ್ತಿರುವುದು ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸಣ್ಣ ಫೈಬರ್ ದೋಣಿಯ ವಿಷಯ. ಟ್ರಾಲ್ ಬೋಟ್, ಪರ್ಸೀನ್ ಬೋಟ್‌ಗಳ ಲೆಕ್ಕವೇ ಬೇರೆ. ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತು ಒಂದಿದೆ: ಮಾರುವವರು ದೋಣಿ ಮತ್ತು ಎಂಜಿನ್ನಿಗೆ ಸೇರಿಸಿ ಒಂದೇ ಬೆಲೆ ಹೇಳುತ್ತಾರೆ, ಆದರೆ ನೀವು ಕೊಳ್ಳುತ್ತಿರುವುದು ಎರಡು ಬೇರೆ ಬೇರೆ ಸರಕು. ಚೆನ್ನಾಗಿ ಕಟ್ಟಿದ ಫೈಬರ್ ದೋಣಿ ಹಲವು ಎಂಜಿನ್‌ಗಳ ಆಯುಸ್ಸನ್ನು ದಾಟಿ ಬಾಳುತ್ತದೆ. ಉಪ್ಪುನೀರಿನಲ್ಲಿ ದಿನವೂ ದುಡಿಯುವ ಎಂಜಿನ್ ಬೇಗ ಸವೆಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಬೆಲೆ ಕಟ್ಟಬೇಕು.

ಯಾವ ನೀರಿಗೆ ದೋಣಿ?

ದೋಣಿ ನೋಡಲು ಹೋಗುವ ಮುನ್ನ ಅದನ್ನು ಎಲ್ಲಿ ಓಡಿಸುತ್ತೀರಿ ಎಂದು ತೀರ್ಮಾನಿಸಿಕೊಳ್ಳಿ. ಹೊಳೆಯೊಳಗೆ, ಹಿನ್ನೀರಿನಲ್ಲಿ ಬಲೆ ಬಿಡುವವರಿಗೆ ತಳ ಚಪ್ಪಟೆಯಾಗಿರುವ ಹಗುರ ದೋಣಿ ಸಾಕು. ಅದು ಕಡಿಮೆ ನೀರಿನಲ್ಲೂ ತೇಲುತ್ತದೆ, ಸಣ್ಣ ಎಂಜಿನ್ನಿಗೂ ಓಡುತ್ತದೆ. ಸಮುದ್ರಕ್ಕೆ ಇಳಿಯುವವರಿಗೆ ಮುಂಭಾಗ ಎತ್ತರವಾಗಿರುವ, ತಳದಲ್ಲಿ ಏಣು ಇರುವ, ಬದಿ ಎತ್ತರವಾದ ದೋಣಿ ಬೇಕು.

ನಮ್ಮ ಕರಾವಳಿಯ ಬಹುತೇಕ ಮೀನುಗಾರಿಕಾ ನೆಲೆಗಳು ಹೊಳೆಬಾಯಿಯಲ್ಲೇ ಇವೆ. ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ. ಕಡಲಿಗೆ ಹೋಗುವಾಗ, ಬರುವಾಗ ಅಳಿವೆ ದಾಟಲೇಬೇಕು. ಹೂಳು ತುಂಬಿದ ಅಳಿವೆಯಲ್ಲಿ ಅಲೆ ಎದ್ದು ಒಡೆಯುತ್ತದೆ. ಇಳಿತದ ನೀರು ಹೊರಕ್ಕೆ ಹರಿಯುವಾಗ ಗಾಳಿ ಎದುರಿನಿಂದ ಬೀಸಿದರೆ ಅಲೆ ಇನ್ನೂ ಕಡಿದಾಗುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಮಗುಚುತ್ತದೆ. ಮೀನು ಸಿಗುವ ಜಾಗದಲ್ಲಿ ಎಂಜಿನ್ ಕೈಕೊಟ್ಟರೆ ಇನ್ನೊಂದು ದೋಣಿ ಎಳೆದು ತರುತ್ತದೆ, ಅಳಿವೆಯಲ್ಲಿ ಅಷ್ಟು ಸಮಯ ಇರುವುದಿಲ್ಲ. ಮುಂದೆ ಹೇಳುವ ಪ್ರತಿ ಪರೀಕ್ಷೆಯೂ ಈ ಒಂದು ಜಾಗವನ್ನು ನೆನಪಿಟ್ಟುಕೊಂಡೇ ಮಾಡಬೇಕಾದದ್ದು.

ನೋಡಲು ಸರಿಯಾದ ಸಮಯ

ಮಳೆಗಾಲದಲ್ಲಿ ದಡದ ಮೇಲೆ ಟಾರ್ಪಾಲು ಹೊದ್ದು ಮಲಗಿದ ದೋಣಿಯ ತಳ ಚೆನ್ನಾಗಿ ಕಾಣುತ್ತದೆ, ಆದರೆ ನೀರಿನಲ್ಲಿ ಓಡಿಸಿ ನೋಡಲಾಗುವುದಿಲ್ಲ. ಸುಗ್ಗಿಯ ನಡುವೆ ಓಡಿಸಬಹುದು, ತಳ ಕಾಣದು. ಎರಡೂ ಸಾಧ್ಯವಾಗುವುದು ಮೇ ತಿಂಗಳಲ್ಲಿ: ಮೊದಲು ನೀರಿನಲ್ಲಿ ಓಡಿಸಿ, ಆಮೇಲೆ ಅದೇ ದೋಣಿಯನ್ನು ದಡಕ್ಕೆ ಎಳೆದಾಗ ತಳ ನೋಡಿ. ಬೆಳಗಿನ ಹೊತ್ತು ಹೋಗಿ. ಜೊತೆಗೆ ಮಾರುವವರಿಗೆ ಬೇಕಾದವನಲ್ಲದ ಒಬ್ಬ ಮೆಕ್ಯಾನಿಕ್ ಇರಲಿ. ಅವನಿಗೆ ಕೊಡುವ ಒಂದು ದಿನದ ಕೂಲಿ ದಂಡವಲ್ಲ.

ಹೊಸದಾಗಿ ಬಣ್ಣ ಬಳಿದ ದೋಣಿ ಕಂಡರೆ ಹಿಗ್ಗಬೇಡಿ. ಮಾರಲೆಂದೇ ಬಳಿದ ಬಣ್ಣ ತೇಪೆಗಳನ್ನೂ ಬಿರುಕುಗಳನ್ನೂ ಮುಚ್ಚಿರಬಹುದು. ಹಳೆ ಬಣ್ಣದ, ಗೀರುಗಳು ಕಾಣುವ ದೋಣಿಯಲ್ಲಿ ಮುಚ್ಚುಮರೆ ಕಡಿಮೆ.

ತಳ ಮತ್ತು ಬದಿ

ಫೈಬರ್ ದೋಣಿ ಎಂದರೆ ಗಾಜಿನ ನಾರಿನ ಮ್ಯಾಟ್‌ಗಳನ್ನು ಪದರ ಪದರವಾಗಿ ಹಾಸಿ, ರೆಸಿನ್ ಉಣಿಸಿ ಗಟ್ಟಿಮಾಡಿದ್ದು. ಹೊರಮೈಯ ನುಣುಪಾದ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ನೀರು ಒಳಗಿಳಿಯದಂತೆ ತಡೆಯುವುದು ಅದು. ಅದು ಸವೆದು ಒಳಗಿನ ನಾರು ಬಯಲಾದರೆ ನೀರು ನಾರಿನ ಗುಂಟ ಒಳಗಿಳಿಯುತ್ತದೆ, ಪದರಗಳು ಒಂದರಿಂದ ಒಂದು ಬಿಡುತ್ತವೆ.

ಪದರ ಬಿಟ್ಟಿರುವುದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ, ಒಂದು ನಾಣ್ಯ ಸಾಕು. ಮೂತಿಯಿಂದ ಶುರುಮಾಡಿ, ಗೇಣಿಗೊಮ್ಮೆ ನಾಣ್ಯದ ಅಂಚಿನಿಂದ ತಟ್ಟುತ್ತಾ ಹಿಂದಕ್ಕೆ ಬನ್ನಿ. ಗಟ್ಟಿಯಿರುವಲ್ಲಿ ಟಕ್ ಟಕ್ ಎಂದು ಸ್ಪಷ್ಟ ಸದ್ದು ಬರುತ್ತದೆ. ಪದರ ಬಿಟ್ಟಲ್ಲಿ ಅಥವಾ ಒಳಗೆ ನೀರು ಸೇರಿದಲ್ಲಿ ಸದ್ದು ಮಂದವಾಗುತ್ತದೆ. ಸದ್ದು ಬದಲಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಸುತ್ತ ಮತ್ತೆ ತಟ್ಟಿ, ಅದರ ಅಗಲ ಎಷ್ಟೆಂದು ಗೆರೆ ಎಳೆಯಿರಿ. ಬಂದರಿನ ಗಲಾಟೆಯಲ್ಲಿ ಸದ್ದಿನ ವ್ಯತ್ಯಾಸ ಸರಿಯಾಗಿ ಕೇಳಿಸದು. ಬೆಳಗ್ಗೆ ಬೇಗ ಹೋಗಿ ಎಂದದ್ದು ಅದಕ್ಕೂ ಹೌದು. ಅಂಗೈಯಗಲದ ಒಂದೆರಡು ಗುರುತುಗಳಿದ್ದರೆ ಉಜ್ಜಿ ತೆಗೆದು ಮ್ಯಾಟ್ ಹಾಕಿಸಬಹುದು. ತಳದ ಉದ್ದಕ್ಕೂ ಗುರುತು ಹರಡಿದರೆ ಆ ದೋಣಿಯನ್ನು ಬಿಟ್ಟುಬಿಡಿ.

ನಂತರ ಕಣ್ಣಿನ ಕೆಲಸ. ದೋಣಿಯನ್ನು ಮರಳ ಮೇಲೆ ಎಳೆದೂ ಎಳೆದೂ ತಳದ ನಡುವಿನ ಏಣು ಸವೆಯುತ್ತದೆ. ಅಲ್ಲಿ ನಾರು ಹೊರಗೆ ಕಾಣುತ್ತಿದೆಯೇ ನೋಡಿ. ಒಂದೇ ಬಿಂದುವಿನಿಂದ ಸುತ್ತಲೂ ಹರಡಿದ ಸಣ್ಣ ಬಿರುಕುಗಳಿದ್ದರೆ ಅಲ್ಲಿ ಯಾವಾಗಲೋ ಪೆಟ್ಟು ಬಿದ್ದಿದೆ, ಅದೇ ಜಾಗವನ್ನು ಒಳಗಿನಿಂದಲೂ ನೋಡಿ. ಗುಳ್ಳೆಗಳಿದ್ದು, ಒಡೆದಾಗ ಹುಳಿ ವಾಸನೆಯ ನೀರು ಬಂದರೆ ಫೈಬರಿನೊಳಗೆ ನೀರು ಇಳಿದಿದೆ ಎಂದರ್ಥ.

ಮಗುಚಿದರೂ ಮುಳುಗದಿರಲೆಂದು ಅನೇಕ ದೋಣಿಗಳ ಮೂತಿಯಲ್ಲಿ, ಕೂರುವ ಹಲಗೆಗಳ ಅಡಿಯಲ್ಲಿ ಥರ್ಮೋಕೋಲ್ ಅಥವಾ ಫೋಮ್ ತುಂಬಿ ಮುಚ್ಚಿರುತ್ತಾರೆ. ಆ ಪೆಟ್ಟಿಗೆಗಳು ಬಿರುಕು ಬಿಟ್ಟಿದ್ದರೆ ನೀರು ಸೇರಿ ದೋಣಿ ಭಾರವಾಗಿರುತ್ತದೆ, ತೇಲಿಸಬೇಕಾದ್ದೇ ಮುಳುಗಿಸುವ ಭಾರವಾಗುತ್ತದೆ. ಖಾಲಿ ದೋಣಿ ನೀರಿನಲ್ಲಿ ಒಂದು ಬದಿಗೆ ವಾಲಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಎಂಜಿನ್ ಕಟ್ಟುವ ಹಲಗೆ

ಹಳೆ ದೋಣಿಯಲ್ಲಿ ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ಎಂಜಿನ್ ಕಟ್ಟುವ ಹಿಂಬದಿಯ ಗೋಡೆ ಹೊರಗಿನಿಂದ ಫೈಬರಿನಂತೆ ಕಂಡರೂ ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಅಥವಾ ಮರ ಇರುತ್ತದೆ. ಬೋಲ್ಟ್ ತೂತುಗಳಿಂದ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಎರಡೂ ಬದಿಯ ಫೈಬರ್ ಚೆನ್ನಾಗಿಯೇ ಕಾಣುತ್ತಿರುತ್ತದೆ. ಎಂಜಿನ್ನಿನ ಭಾರ ಮತ್ತು ತಳ್ಳುವ ಬಲ ಪೂರ್ತಿ ಬೀಳುವುದು ಈ ಹಲಗೆಯ ಮೇಲೆ.

ಪರೀಕ್ಷೆ ಸುಲಭ. ಎಂಜಿನ್ ಕಟ್ಟಿರುವಾಗ ಅದರ ಕಾಲನ್ನು ಹಿಡಿದು ಮೇಲಕ್ಕೆ, ಕೆಳಕ್ಕೆ ಒತ್ತಿ. ಇನ್ನೊಬ್ಬರು ಹಲಗೆಯ ಮೇಲಂಚನ್ನೂ ಅದು ತಳಕ್ಕೆ ಕೂಡುವ ಮೂಲೆಯನ್ನೂ ನೋಡುತ್ತಿರಲಿ. ಹಲಗೆ ಬಾಗಿದರೆ, ಮೂಲೆಯಲ್ಲಿ ಬಿರುಕು ಬಾಯಿ ತೆರೆದು ಮುಚ್ಚಿದರೆ ಒಳಗೆ ಕೊಳೆತಿದೆ. ಸಾಧ್ಯವಾದರೆ ಒಂದು ಬೋಲ್ಟ್ ಬಿಚ್ಚಿಸಿ. ತೂತಿನಿಂದ ಕಂದು ನೀರು ಇಳಿದರೆ, ಸ್ಕ್ರೂಡ್ರೈವರ್ ತುದಿಗೆ ಮೆತ್ತನೆಯ ಮರದ ಪುಡಿ ಅಂಟಿ ಬಂದರೆ ಇನ್ನು ಚರ್ಚೆಯೇ ಬೇಡ. ಹಲಗೆ ಬದಲಾಯಿಸಬಹುದು, ಆದರೆ ಅದು ಹಿಂಭಾಗವನ್ನೇ ಕತ್ತರಿಸಿ ಹೊಸದಾಗಿ ಕಟ್ಟುವ ಕೆಲಸ. ಅದರ ಪೂರ್ತಿ ಖರ್ಚು ಬೆಲೆಯಲ್ಲಿ ಕಡಿಮೆಯಾಗಬೇಕು.

ಹಲಗೆಯ ಎತ್ತರವನ್ನೂ ಅಳೆಯಿರಿ. ಔಟ್‌ಬೋರ್ಡ್ ಎಂಜಿನ್‌ಗಳ ಕಾಲಿನ ಉದ್ದ ಸಾಮಾನ್ಯವಾಗಿ 15 ಇಂಚು ಅಥವಾ 20 ಇಂಚು. ಫ್ಯಾನಿನ ಮೇಲೆ ಅಡ್ಡಕ್ಕಿರುವ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಸ್ವಲ್ಪ ಕೆಳಗೆ ಇರಬೇಕು. ಕಾಲು ಗಿಡ್ಡವಾದರೆ ಅಲೆಯಲ್ಲಿ ಫ್ಯಾನ್ ಗಾಳಿ ಎಳೆದು ಸುಮ್ಮನೆ ತಿರುಗುತ್ತದೆ, ಉದ್ದವಾದರೆ ನೀರಿನ ಎಳೆತ ಹೆಚ್ಚಿ ಎಣ್ಣೆ ತಿನ್ನುತ್ತದೆ.

ಎಂಜಿನ್: ಚಾಲೂ ಮಾಡುವ ಮೊದಲು

ನೀವು ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಚಾಲೂ ಮಾಡಿದ್ದಾರೆ. ಬಿಸಿ ಎಂಜಿನ್ ಸುಲಭವಾಗಿ ಚಾಲೂ ಆಗುತ್ತದೆ, ರೋಗ ಗೊತ್ತಾಗುವುದು ತಣ್ಣಗಿರುವಾಗ. ಹಾಗಿದ್ದರೆ ಪೂರ್ತಿ ಆರಿದ ಮೇಲೆ ಮತ್ತೆ ಬನ್ನಿ.

ಮುಚ್ಚಳ ತೆಗೆಸಿ. ಉಪ್ಪಿನ ಬಿಳಿ ಹರಳು, ತುಕ್ಕು, ವೈರ್‌ಗಳ ತುದಿಯ ಹಸಿರು ಕಿಲುಬು ಕಣ್ಣಿಗೆ ಬೀಳುತ್ತವೆ. ಮೂಲೆಗಳಲ್ಲಿ ಸಣ್ಣ ಮರಳು, ಒಣಗಿದ ಕೆಸರು ಇದ್ದರೆ ಎಂಜಿನ್ ಒಮ್ಮೆ ನೀರಿನಲ್ಲಿ ಮುಳುಗಿ ಎದ್ದಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ತುದಿ ಕಂದು ಬಣ್ಣಕ್ಕಿದ್ದರೆ ಒಳಗೆ ಉರಿ ಸರಿಯಾಗಿದೆ. ಕಪ್ಪು ಮಸಿ, ಜಿಡ್ಡು ಇದ್ದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ. ಬಿಳಿಚಿಕೊಂಡಿದ್ದರೆ ಅತಿ ಬಿಸಿಯಾಗಿದೆ. ಪ್ಲಗ್ ಬಿಚ್ಚಿದಾಗಲೇ ಮೆಕ್ಯಾನಿಕ್ ಕಂಪ್ರೆಶನ್ ಗೇಜ್ ಹಾಕಲಿ. ಎರಡು ಸಿಲಿಂಡರ್‌ಗಳ ಅಂಕಿ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆ. ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಬೀಳಿಸಿ. ಮೊದಲು ನೀರೇ ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಸೀಲ್ ಹೋಗಿದೆ, ಗೇರ್ ಪೆಟ್ಟಿಗೆಗೆ ನೀರು ನುಗ್ಗಿದೆ. ಬಟ್ಟೆಯ ಮೇಲೆ ಲೋಹದ ಚೂರು ಮಿನುಗಿದರೆ ಗೇರ್‌ಗಳೇ ಸವೆಯುತ್ತಿವೆ. ನಮ್ಮ ಕಡೆ ಸೀಲ್ ಹಾಳಾಗಲು ದೊಡ್ಡ ಕಾರಣ ಬಲೆಯ ನೂಲು. ಫ್ಯಾನಿನ ಹಿಂದೆ ಶಾಫ್ಟ್‌ಗೆ ಸುತ್ತಿಕೊಂಡ ನೈಲಾನ್ ನೂಲು ತಿರುಗುತ್ತಾ ತಿರುಗುತ್ತಾ ಒಳಗೆ ಸರಿದು ಸೀಲನ್ನು ಕತ್ತರಿಸುತ್ತದೆ. ಫ್ಯಾನ್ ಬಿಚ್ಚಿಸಿ ಶಾಫ್ಟ್ ನೋಡಿದರೆ ದೋಣಿಯನ್ನು ಹೇಗೆ ನೋಡಿಕೊಂಡಿದ್ದಾರೆಂದು ಅಲ್ಲೇ ತಿಳಿಯುತ್ತದೆ.

ಎಂಜಿನ್ ಕಾಲಿಗೆ ಸತುವಿನ ಸಣ್ಣ ತುಂಡು ಕೂರಿಸಿರುತ್ತಾರೆ. ಉಪ್ಪುನೀರು ಎಂಜಿನ್ನಿನ ಅಲ್ಯೂಮಿನಿಯಂ ತಿನ್ನುವ ಬದಲು ಮೊದಲು ಇದನ್ನು ತಿನ್ನಲಿ ಎಂಬುದು ಉದ್ದೇಶ. ಅದು ಅರ್ಧದಷ್ಟು ಸವೆದಿದ್ದರೆ ತನ್ನ ಕೆಲಸ ಮಾಡಿದೆ, ಬದಲಾಯಿಸಿದರಾಯಿತು. ಪೂರ್ತಿ ಕರಗಿಹೋಗಿದ್ದರೆ ಅಥವಾ ಅದರ ಮೇಲೂ ಬಣ್ಣ ಬಳಿದಿದ್ದರೆ ಕಾಲಿನ ಲೋಹದಲ್ಲಿ ಹೊಂಡಗಳು ಬಿದ್ದಿವೆಯೇ ನೋಡಿ.

ನೀರಿನಲ್ಲಿ ಓಡಿಸಿ

ಚಾಲೂ ಆದ ಕೂಡಲೇ ಎಂಜಿನ್ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಬೇಕು. ಎಂಜಿನ್ನನ್ನು ತಂಪು ಮಾಡುವ ನೀರು ಹರಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಧಾರೆ ತೊಟ್ಟಿಕ್ಕುತ್ತಿದ್ದರೆ ಪಂಪಿನ ರಬ್ಬರ್ ಇಂಪೆಲರ್ ಸವೆದಿರಬಹುದು, ಅಥವಾ ಒಳದಾರಿಗಳಲ್ಲಿ ಉಪ್ಪು ಕಟ್ಟಿರಬಹುದು. ಇಂಪೆಲರ್ ಬದಲಿಸುವುದು ದೊಡ್ಡ ಖರ್ಚಲ್ಲ. ಉಪ್ಪು ಕಟ್ಟಿದ್ದರೆ ಎಂಜಿನ್ ಬಿಚ್ಚಬೇಕಾಗುತ್ತದೆ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಎಂಜಿನ್ ಓಡಿಸಿ ತೊಳೆಯುವ ಅಭ್ಯಾಸ ಮಾಲೀಕರಿಗೆ ಇದೆಯೇ ಎಂದು ಕೇಳಿ.

ನಾಡದೋಣಿಗಳ ಅನೇಕ ಎಂಜಿನ್‌ಗಳು ಸೀಮೆಎಣ್ಣೆಯವು. ಇವನ್ನು ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್‌ಗೆ ತರುತ್ತಾರೆ. ಬದಲಿಸಿದ ಗಳಿಗೆಯಲ್ಲಿ ಎಂಜಿನ್ ಮುಗ್ಗರಿಸದೆ ಓಡಬೇಕು. ಸೀಮೆಎಣ್ಣೆ ಮಸಿ ಹೆಚ್ಚು ಕಟ್ಟುವುದರಿಂದ ಕೊನೆಯ ಬಾರಿ ಯಾವಾಗ ಬಿಚ್ಚಿ ಮಸಿ ತೆಗೆಸಿದ್ದರೆಂದು ಕೇಳಿ ತಿಳಿದುಕೊಳ್ಳಿ. ಪೆಟ್ರೋಲ್ ಎಂಜಿನ್ನಾದರೆ ಟ್ಯಾಂಕ್, ಪೈಪ್, ಫಿಲ್ಟರ್ ನೋಡಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ. ಬಹಳ ದಿನ ನಿಂತ ದೋಣಿಯ ಟ್ಯಾಂಕ್ ತಳದಲ್ಲಿ ನೀರು ಕೂತಿರುವ ಸಾಧ್ಯತೆ ಹೆಚ್ಚು.

ನೀವು, ಮೆಕ್ಯಾನಿಕ್, ಮಾಲೀಕ ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಕೂತು, ಅರ್ಧ ಗಂಟೆಯಾದರೂ ಓಡಿಸಿ. ಈ ಕ್ರಮ ಅನುಸರಿಸಿ:

– ಮುಂದಕ್ಕೆ, ಹಿಂದಕ್ಕೆ ಗೇರ್ ಹಾಕಿ. ಭಾರ ಬಿದ್ದಾಗ ಗೇರ್ ಜಾರಿದರೆ ಒಳಗಿನ ಹಲ್ಲುಗಳು ಸವೆದಿವೆ.

– ಕೆಲವು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ. ಧಾರೆ ನಿಲ್ಲಬಾರದು, ಸದ್ದು ಏರಿಳಿಯಬಾರದು.

– ಎಡಕ್ಕೂ ಬಲಕ್ಕೂ ಚುರುಕಾಗಿ ತಿರುಗಿಸಿ. ಹ್ಯಾಂಡಲ್ ಬಿಗಿಯಾಗಲೀ ಸಡಿಲವಾಗಲೀ ಇರಬಾರದು.

– ಕೈಗೆ ಕಟ್ಟಿಕೊಳ್ಳುವ ಕೆಂಪು ದಾರ ಎಳೆಯಿರಿ. ಎಂಜಿನ್ ತಕ್ಷಣ ನಿಲ್ಲಬೇಕು.

– ಬಿಸಿ ಎಂಜಿನ್ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಅಳಿವೆಯಲ್ಲಿ ನಿಂತ ಎಂಜಿನ್ನಿಂದ ನಿಮಗೆ ಬೇಕಾದದ್ದು ಇದೇ.

– ವಾಪಸ್ ಬಂದ ಮೇಲೆ ತಳದ ಒಳಭಾಗ ನೋಡಿ. ಒಣಗಿಸಿ ಹೊರಟ ದೋಣಿಯಲ್ಲಿ ನೀರಿದ್ದರೆ ಎಲ್ಲಿಂದ ಬಂತೆಂದು ತಿಳಿಯದೆ ಮುಂದಿನ ಮಾತು ಬೇಡ.

ಕಾಗದಪತ್ರ

ಮೀನುಗಾರಿಕಾ ದೋಣಿ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಕರ್ನಾಟಕದ ದೋಣಿಯ ಸಂಖ್ಯೆ ಐಎನ್‌ಡಿ-ಕೆಎ ಎಂದು ಶುರುವಾಗುತ್ತದೆ. ದೋಣಿಯ ಬದಿಯಲ್ಲಿ ಬರೆದದ್ದೂ ಪ್ರಮಾಣಪತ್ರದಲ್ಲಿರುವುದೂ ಒಂದೇ ಆಗಿದೆಯೇ ನೋಡಿ. ಮೀನು ಹಿಡಿಯಲು 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯಡಿ ಲೈಸೆನ್ಸ್ ಬೇಕು. ಎಂಜಿನ್ನಿನ ಕ್ರಮಸಂಖ್ಯೆ ಅದನ್ನು ದೋಣಿಗೆ ಬಿಗಿಯುವ ಬ್ರಾಕೆಟ್ ಮೇಲಿನ ಫಲಕದಲ್ಲಿರುತ್ತದೆ. ಬಿಲ್ ಜೊತೆ ತಾಳೆ ಹಾಕಿ. ಫಲಕ ಕಿತ್ತಿದ್ದರೆ, ಸಂಖ್ಯೆ ಕೆರೆದಿದ್ದರೆ ಅದು ಕದ್ದ ಮಾಲಾಗಿರಬಹುದು, ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ದೋಣಿಯ ಮೇಲೆ ಬ್ಯಾಂಕಿನ ಅಥವಾ ಮೀನುಗಾರರ ಸಹಕಾರ ಸಂಘದ ಸಾಲವಿದ್ದರೆ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ. ಸರ್ಕಾರದ ಸಹಾಯಧನದಲ್ಲಿ ಕೊಂಡ ದೋಣಿ, ಎಂಜಿನ್‌ಗಳನ್ನು ಮಾರಲು ಷರತ್ತುಗಳಿರಬಹುದು, ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ರಿಯಾಯಿತಿ ಸೀಮೆಎಣ್ಣೆಯ ಪರ್ಮಿಟ್ ತಾನಾಗಿಯೇ ನಿಮ್ಮ ಹೆಸರಿಗೆ ಬರುತ್ತದೆಂದು ಮಾರುವವರು ಹೇಳಿದರೆ ಅದನ್ನೂ ಅಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರವಾಸಿಗರನ್ನು ಕೂರಿಸಿ ದುಡಿಯುವ ಯೋಚನೆಯಿದ್ದರೆ ಮೀನುಗಾರಿಕಾ ನೋಂದಣಿ ಸಾಲದು. ಹೊಳೆ, ಹಿನ್ನೀರುಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಿದೆ. ದೋಣಿಯ ಸರ್ವೆ, ನೋಂದಣಿ, ಎಷ್ಟು ಜನ ಕೂರಬಹುದೆಂಬ ಮಿತಿ, ಲೈಫ್ ಜಾಕೆಟ್ ಎಲ್ಲವೂ ಆಗಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಮೀನಿನ ದೋಣಿಯಲ್ಲಿ ಜನ ತುಂಬಿಕೊಂಡು ಹೊರಡುವ ಮುನ್ನ ಆ ದಿನವನ್ನು ನೆನೆಯಬೇಕು.

ಬೆಲೆ ಕಟ್ಟುವ ಬಗೆ

ಅದೇ ಅಶ್ವಶಕ್ತಿಯ ಹೊಸ ಎಂಜಿನ್ನಿನ ಬೆಲೆಯನ್ನು ಡೀಲರ್ ಹತ್ತಿರ ವಿಚಾರಿಸಿ. ಅದೇ ಅಳತೆಯ ಹೊಸ ದೋಣಿ ಕಟ್ಟಿಕೊಡಲು ಎಷ್ಟಾಗುತ್ತದೆಂದು ಫೈಬರ್ ಕೆಲಸದವರಲ್ಲಿ ಕೇಳಿ. ಎರಡೂ ನಿಮ್ಮ ಮೇಲ್ಮಿತಿ. ನಂತರ ನೀವು ಕಂಡ ದೋಷಗಳ ಪಟ್ಟಿ ಮಾಡಿ, ಒಂದೊಂದರ ಎದುರು ದುರಸ್ತಿ ಖರ್ಚು ಬರೆಯಿರಿ. ಕೇಳಿದ ಬೆಲೆಗೆ ದುರಸ್ತಿ ಸೇರಿಸಿದಾಗ ಹೊಸದರ ಹತ್ತಿರ ಬಂದರೆ ಆ ವ್ಯವಹಾರ ಲಾಭದ್ದಲ್ಲ. ದೋಣಿ ಗಟ್ಟಿಯಿದ್ದು ಎಂಜಿನ್ ಸೋತಿದ್ದರೆ ದೋಣಿಯನ್ನಷ್ಟೇ ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಎಂಜಿನ್ ಚೆನ್ನಾಗಿದ್ದು ಹಲಗೆ ಕೊಳೆತಿದ್ದರೂ ಅಷ್ಟೇ. ಹಳೆ ಟೂ ಸ್ಟ್ರೋಕ್ ಎಂಜಿನ್ ಇದ್ದ ದೋಣಿಗೆ ಮುಂದೆ ಫೋರ್ ಸ್ಟ್ರೋಕ್ ಕಟ್ಟುವ ಆಲೋಚನೆಯಿದ್ದರೆ, ಅದು ಎಣ್ಣೆ ಉಳಿಸಿದರೂ ಭಾರ ಹೆಚ್ಚು, ಹಲಗೆ ಅದನ್ನು ತಾಳುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ.

ಕೈಯಲ್ಲಿರುವ ಹಣವನ್ನೆಲ್ಲ ದೋಣಿಗೇ ಸುರಿಯಬೇಡಿ. ಲೈಫ್ ಜಾಕೆಟ್, ಲಂಗರು ಮತ್ತು ಹಗ್ಗ, ಹುಟ್ಟು, ಟಾರ್ಚ್, ಒಂದು ಜೊತೆ ಪ್ಲಗ್, ಒಂದು ಇಂಪೆಲರ್ ಇವಕ್ಕೆ ಹಣ ತೆಗೆದಿಟ್ಟೇ ಬೆಲೆ ಮಾತಾಡಿ. ಕೋಸ್ಟ್ ಗಾರ್ಡ್‌ನ ರಕ್ಷಣಾ ಸಂಖ್ಯೆ 1554 ದೋಣಿಯಲ್ಲಿರುವ ಎಲ್ಲರ ಮೊಬೈಲಿನಲ್ಲೂ ಇರಲಿ.

ಮುಂಗಡ ಕೊಡುವ ಮೊದಲು ಮೂರು ವಿಷಯ ನಿಮ್ಮ ಕಣ್ಣಾರೆ ಆಗಿರಬೇಕು: ಎಂಜಿನ್ ಹಲಗೆ ಬಾಗಲಿಲ್ಲ, ತಣ್ಣಗಿದ್ದ ಎಂಜಿನ್ ಚಾಲೂ ಆಗಿ ಅರ್ಧ ಗಂಟೆ ಓಡಿತು, ಕಾಗದದ ಸಂಖ್ಯೆಗಳು ತಾಳೆಯಾದವು. ಇವುಗಳಲ್ಲಿ ಒಂದನ್ನು ತೋರಿಸಲು ಮಾಲೀಕರು ಒಪ್ಪದಿದ್ದರೂ ಹಣ ಜೇಬಿನಲ್ಲೇ ಇಟ್ಟುಕೊಂಡು ಇನ್ನೊಂದು ದೋಣಿ ನೋಡಲು ಹೊರಡಿ. ಆಗಸ್ಟ್ ಒಂದಕ್ಕೇ ಕಡಲಿಗಿಳಿಯಬೇಕೆಂಬ ಅವಸರದಲ್ಲಿ ಸೋತ ದೋಣಿ ಕೊಳ್ಳುವುದಕ್ಕಿಂತ ಒಂದು ತಿಂಗಳು ತಡವಾಗಿ ಗಟ್ಟಿ ದೋಣಿ ಇಳಿಸುವುದೇ ಮೇಲು.